ಹಳದಿ ಬಳಿದ ತೊಟ್ಟಿಲು

ನಾನು ಕಲಘಟಗಿಯ ಸಾಗವಾನಿ ತೊಟ್ಟಿಲು. ಮೌನೇಶಪ್ಪ ಬಡಿಗೇರರ ಕೈಯಲ್ಲಿ ಹುಟ್ಟಿದೆ. ಕಟ್ಟಿಗೆ ಕಡೆಯುವ ಯಂತ್ರದಲ್ಲಿ ಗರಗರ ತಿರುಗುವ ನನ್ನ ಕಂಬಗಳಿಗೆ ಅವರು ಬಣ್ಣದ ಅರಗನ್ನು ಒತ್ತಿ ಹಿಡಿದರೆ, ಅದು ಬಿಸಿಗೆ ಕರಗಿ ಮೈಗೆ ಹತ್ತುತ್ತಿತ್ತು. ಮೇಲೆ ಕೇದಗಿ ಎಲೆಯಿಂದ ತಿಕ್ಕಿದಾಗ ನಾನು ಹೊಳೆದದ್ದೇ ಹೊಳೆದದ್ದು!

ನನ್ನನ್ನು ಕೊಂಡವರು ಹುಬ್ಬಳ್ಳಿಯ ನೀಲವ್ವ. ಅವರ ಮಗಳು ಸುಜಾತಾ ನನ್ನಲ್ಲೇ ಮಲಗಿ ಬೆಳೆದಳು. ಆಮೇಲೆ ಓಣಿಯ ಹತ್ತಾರು ಮನೆ ತಿರುಗಿದೆ. ಕೂಸಿಗೂ ನನಗೂ ಕಾಣುವುದು ಒಂದೇ: ಬಗ್ಗಿ ನೋಡುವ ಮುಖಗಳು. ಎಂಥ ಸಿಡುಕಿನವರೂ ನನ್ನ ಮೇಲೆ ಬಗ್ಗಿದಾಗ ನಗುತ್ತಾರೆ. ಇಷ್ಟು ನಗೆ ಕಂಡ ಕಟ್ಟಿಗೆ ಇನ್ನೊಂದು ಇರಲಿಕ್ಕಿಲ್ಲ.

ಸುಜಾತಾಗೆ ಮಗಳು ಸಿರಿ ಹುಟ್ಟುವ ಹೊತ್ತಿಗೆ ನನ್ನ ಅರಗು ಅಲ್ಲಲ್ಲಿ ಎದ್ದಿತ್ತು. ಗಂಡ ವಿರೂಪಾಕ್ಷ ಲಾರಿಗಳಿಗೆ ಬಣ್ಣ ಹೊಡೆಯುವವನು. ಗ್ಯಾರೇಜಿನಲ್ಲಿ ಉಳಿದಿದ್ದ ಹಳದಿ ಬಣ್ಣ ತಂದು ನನಗೆ ಎರಡು ಸಲ ಬಳಿದ.

“ನನ್ನ ಮಗಳ ತೊಟ್ಟಿಲ ಸೇವಂತಿಗಿ ಹೂವಿನಂಗ ಕಾಣಬೇಕು!” ಎಂದು ಸೀಟಿ ಹೊಡೆಯುತ್ತಿದ್ದ. ಆ ಹಳದಿಯಲ್ಲಿ ಸೀಸವಿದೆ ಎಂದು ಅವನಿಗೂ ಗೊತ್ತಿರಲಿಲ್ಲ, ನನಗೂ.

ಸಿರಿಗೆ ಹಲ್ಲು ಬಂದವು. ಎದ್ದು ನಿಂತು ನನ್ನ ಅಂಚನ್ನು ಕಡಿಯತೊಡಗಿದಳು. ಬಣ್ಣದ ಚೂರು ಅವಳ ತುಟಿಗೆ ಅಂಟುತ್ತಿತ್ತು. ತಿಂಗಳುಗಳು ಕಳೆದಂತೆ ಮಗು ಬಿಳಿಚಿತು. ಹೊಟ್ಟೆ ಹಿಡಿದು ಅಳುವಳು, ಊಟ ಬೇಡ ಎನ್ನುವಳು. “ಅವ್ವಾ, ಅಜ್ಜಿ” ಎನ್ನುತ್ತಿದ್ದವಳು ಮಾತನ್ನೇ ಬಿಟ್ಟಳು.

ಕೊನೆಗೆ ದವಾಖಾನೆಯಲ್ಲಿ ಶಹನಾಜ್ ಡಾಕ್ಟರು, ವಿರೂಪಾಕ್ಷನ ಉಗುರಲ್ಲಿದ್ದ ಹಳದಿ ಕಂಡು ಮಗುವಿನ ರಕ್ತದಲ್ಲಿ ಸೀಸ ನೋಡಿಸಿದರಂತೆ. ಅದು ವಿಪರೀತ ಇತ್ತು. ಭಾನುವಾರ ಅವರೇ ಮನೆಗೆ ಬಂದರು. ನನ್ನ ಅಂಚಿನ ಹಲ್ಲಿನ ಗುರುತುಗಳ ಮೇಲೆ ಬೆರಳಾಡಿಸಿದರು.

“ಒಮ್ಮೆಲೆ ಕೊಲ್ಲೋದಷ್ಟ ವಿಷ ಅಲ್ರೀ. ದಿನಾ ಚೂರುಚೂರು ಒಳಗ ಹೋಗಿ ಮೈಯಾಗ ಕೂತ್ರೂ ವಿಷಾನ. ದೊಡ್ಡವರಿಗೆ ಗೊತ್ತಾಗದಷ್ಟು ಸೀಸ, ಎಂಟು ಕಿಲೋದ ಕೂಸಿಗೆ ಭಾಳ ಆತು.”

ವಿರೂಪಾಕ್ಷ ತನ್ನ ಹಳದಿ ಉಗುರುಗಳನ್ನು ನೋಡಿಕೊಂಡ. “ನನ್ನ ಕೈಯಾರೆ ಉಣಿಸಿದ್ನಲ್ರೀ...”

ನೀಲವ್ವ ಕೊಡಲಿ ತಂದರು. “ಇದನ್ನ ಒಡದು ಒಲಿಗೆ ಹಾಕ್ತೀನಿ!”

ಡಾಕ್ಟರು ತಡೆದರು. “ಬ್ಯಾಡ್ರೀ ಅಜ್ಜಿ! ಸುಟ್ರ ಅದ ಸೀಸ ಹೊಗಿಯೊಳಗ ಬಂದು ಎಲ್ಲಾರ ಎದಿಗೆ ಇಳಿತೈತಿ.”

ಹಾಗೆ ನಾನು ಉಳಿದೆ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕಲಘಟಗಿಗೆ ಒಯ್ದರು. ಮೌನೇಶಪ್ಪನವರ ಸೊಸೆ ಮುಖಕ್ಕೆ ಮಾಸ್ಕ್ ಕಟ್ಟಿ, ದೂಳು ಏಳದಂತೆ ನೀರು ಚಿಮುಕಿಸುತ್ತ ಹಳದಿಯನ್ನೆಲ್ಲ ಕೆರೆದರು. ಕೆರೆದದ್ದನ್ನು ಡಬ್ಬಿಯಲ್ಲಿ ಮುಚ್ಚಿ ಬೇರೆ ಇಟ್ಟರು. ಮೈಗೆ ಮತ್ತೆ ಅರಗು ಬಂತು.

ಐದು ತಿಂಗಳ ಮೇಲೆ ಮನೆಗೆ ಮರಳಿದಾಗ ಎಲ್ಲ ಬದಲಾಗಿತ್ತು. ನೆಲವನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದರು. ವಿರೂಪಾಕ್ಷ ಗ್ಯಾರೇಜಿನಲ್ಲೇ ಸ್ನಾನ ಮಾಡಿ, ಬಟ್ಟೆ ಬದಲಿಸಿ ಬರುತ್ತಿದ್ದ. ದೂಳು ಅಂಗಿಯೊಡನೆಯೂ ಮನೆ ಸೇರುತ್ತದಲ್ಲ. ಅಡುಗೆಮನೆಯಿಂದ, ಮಗುವಿಗೆ ಉಣಿಸಲು ಡಾಕ್ಟರು ಹೇಳಿದ್ದ ನುಗ್ಗಿ ಸೊಪ್ಪಿನ ವಾಸನೆ. ಸಿರಿಯ ರಕ್ತದಲ್ಲಿ ಸೀಸ ಇಳಿಯುತ್ತ ಬಂದಿತ್ತು.

ಸಿರಿ ದಡದಡ ಓಡಿಬಂದು ನನ್ನನ್ನು ತಬ್ಬಿದಳು.

“ಇದು ಯಾರ್ದು ಅಜ್ಜಿ?”

“ನಿಂದ ನನ್ನವ್ವಾ.”

“ನಂದ! ನಂದ!” ಎಂದು ಓಣಿಗೆಲ್ಲ ಕೇಳುವಂತೆ ಕೂಗಿದಳು. ವಿರೂಪಾಕ್ಷ ನಗುತ್ತಲೇ ಕಣ್ಣೊರೆಸಿಕೊಂಡ.

ಈಗ ನನಗೆ ವಯಸ್ಸಾಗಿದೆ. ಕಂಬಗಳು ಕಿರುಗುಟ್ಟುತ್ತವೆ. ಹೋದ ವಾರ ಎದುರುಮನೆಯ ಬಾಣಂತಿ ತನ್ನ ಅವಳಿ ಮಕ್ಕಳಿಗೆಂದು ನನ್ನನ್ನು ಒಯ್ಯಲು ಬಂದಳು. ಮುಟ್ಟುವ ಮೊದಲು ಕೇಳಿದಳು, “ನೀಲವ್ವಾರ, ಇದಕ್ಕ ಯಾವ ಬಣ್ಣ ಹಚ್ಚೀರಿ?”

ಇಷ್ಟು ವರ್ಷ ಎಲ್ಲರೂ ನನ್ನ ಚೆಂದ ನೋಡಿ ಒಯ್ದರು. ಈ ಪ್ರಶ್ನೆ ಕೇಳಿದವಳು ಇವಳೇ ಮೊದಲು. ಇಂಥ ತಾಯಿಯ ಮನೆಗೆ ಹೋಗುವಾಗ ನನಗೆ ಒಂದಿಷ್ಟೂ ಭಾರವೆನಿಸಲಿಲ್ಲ.