ಕಮಲಾಕರನ ಕಾರಿಗೊಂದು ಡಿಫರೆನ್ಷಿಯಲ್

ಈ ಕಥೆಯನ್ನು ಎಲ್ಲಿಂದ ಶುರುಮಾಡಲಿ? ಎಂಜಿನ್ನಿನಿಂದ ಅಂದರೆ ಓದುಗರಾದ ನೀವು ಆಕಳಿಸುತ್ತೀರಿ. ತಾಯಿಯಿಂದ ಅಂದರೆ ಕಮಲಾಕರನಿಗೆ ಸಿಟ್ಟು. ಹಾಳಾಗಲಿ, ಮುರಿದ ಶಾಫ್ಟಿನಿಂದ ಶುರುವಾಗಲಿ.

೧

೧೯೬೧ರ ಮದರಾಸು. ಎಗ್ಮೋರಿನ ಮನೆಯ ಹಿತ್ತಲಲ್ಲಿ ರೈಲ್ವೆ ಗುಮಾಸ್ತ ಕಮಲಾಕರ ಪುಟ್ಟ ಕಾರೊಂದಕ್ಕೆ ಮಿಲಿಟರಿ ಹರಾಜಿನ ದೈತ್ಯ ಎಂಜಿನ್ ಕೂರಿಸಿದ್ದ. ಮೊದಲ ಸಲ ಆಕ್ಸಿಲರೇಟರ್ ಒತ್ತಿದಾಗಲೇ, ಹಿಂದಿನ ಚಕ್ರ ತಿರುಗಿಸುವ ಶಾಫ್ಟು ಚಕ್ಕುಲಿಯ ಹಾಗೆ ಪಟ್ಟನೆ ಮುರಿಯಿತು.

"ಭಾನುವಾರ ಶೋಳಾವರಂ ರೇಸಲ್ಲಿ ಇದು ಓಡದಿದ್ರೆ ರಾಯಪುರಂ ಗುಜರಿಗೆ ಹಾಕ್ಬಿಡ್ತೀನಿ," ಅಂದರು ತಾಯಿ ಗೋದಾಬಾಯಿ. "ಬಟ್ಟೆ ಒಣಗಿಸೋಕೂ ಜಾಗ ಇಲ್ಲ."

ಆಡಿದ ಮಾತು ತಪ್ಪುವ ಹೆಂಗಸಲ್ಲ. ಕಮಲಾಕರ ಅವತ್ತೇ ಗುಜರಿ ಅಂಗಡಿಗಳನ್ನು ಸುತ್ತತೊಡಗಿದ.

೨

(ಇಲ್ಲೊಂದು ಪ್ರೇಮಪ್ರಸಂಗವಿತ್ತು. ಹರಿದು ಹಾಕಿದೆ. ನಾಯಕ ಕೈಯ ಗ್ರೀಸು ತೊಳೆಯಲು ಒಪ್ಪಲಿಲ್ಲ.)

ಈಗ ಬೇಕಾದದ್ದು ಗಟ್ಟಿ ಶಾಫ್ಟಿನ ಹೊಸ ಡಿಫರೆನ್ಷಿಯಲ್: ಎಂಜಿನ್ನಿನ ಬಲವನ್ನು ಹಿಂಚಕ್ರಗಳಿಗೆ ಹಂಚುವ ಕಬ್ಬಿಣದ ಬುರುಡೆ. ಲಾರಿಯದೊಂದು ಸಿಕ್ಕಿತ್ತು, ಅದರ ಶಾಫ್ಟು ಒನಕೆಯಷ್ಟು ದಪ್ಪ, ಆದರೆ ಕಾರು ಎತ್ತಿನಗಾಡಿಯ ವೇಗ ದಾಟದು. ಹಳೆಯ ಅಮೆರಿಕನ್ ಕಾರಿನದೂ ಸಿಕ್ಕಿತ್ತು. ವೇಗವೂ ಉಂಟು, ಬಲವೂ ಉಂಟು, ಅಗಲ ಮಾತ್ರ ಜಾಸ್ತಿ. ಕತ್ತರಿಸಿ ಬೆಸೆಯಬೇಕು.

"ಲಾರಿಯದ್ದೇ ಹಾಕಯ್ಯ, ಕಥೆ ಬೇಗ ಮುಗಿಯುತ್ತೆ," ಎಂದೆ.

"ಕಥೆ ನಿಮ್ದು ಸಾರ್, ಕಾರು ನಂದು," ಎಂದು ಅವನು ಅಮೆರಿಕನ್ನನ್ನೇ ಆರಿಸಿದ. (ಪಾತ್ರಗಳಿಗೆ ಸಲಿಗೆ ಕೊಟ್ಟರೆ ಹೀಗೇ, ತಲೆಯ ಮೇಲೆ ಕೂರುತ್ತವೆ.)

೩

ಬೆಸೆದು ಹಿತ್ತಲಲ್ಲಿ ಬೋರಲು ಹಾಕಿದ್ದ ಡಿಫರೆನ್ಷಿಯಲ್ಲಿಗೆ ಗೋದಾಬಾಯಿ ಅರಿಸಿನ ಕುಂಕುಮ ಹಚ್ಚಿ ಹೂವಿಟ್ಟರು. ನಾಳೆ ಗುಜರಿಗೆ ಹೋದರೂ ಸರಿಯೇ, ಪೂಜೆಯಿಲ್ಲದೆ ಗಾಡಿಗೆ ಹತ್ತಿಸುವಂತಿಲ್ಲ. ಕಮಲಾಕರ ಅದನ್ನು ಮಗುಚಿ ಕೂರಿಸಲು ಹೊರಟಾಗ ಹೆಂಡತಿ ಜಯಲಕ್ಷ್ಮೀ ಕೂಗಿದಳು: "ಅಡಡಾ! ರೀ, ಕುಂಕುಮ ಕೆಳಗೆ ಹೋಗತ್ತೆ!"

ಕುಂಕುಮ ನೆಲ ನೋಡುವುದುಂಟೇ? ಅವನು ಹೌಹಾರಿ, ಕುಂಕುಮ ಮೇಲೆ ಬರುವಂತೆಯೇ ಕೂರಿಸಿ ಬೋಲ್ಟು ಬಿಗಿದ. (ನಾನು ಕೆಮ್ಮಿದೆ. ಅವನು ಕೇಳಿಸಿಕೊಳ್ಳಲಿಲ್ಲ.)

೪

ಶೋಳಾವರಂ. ಬಾವುಟ ಬಿತ್ತು. ಕಮಲಾಕರ ಮೊದಲ ಗೇರು ಹಾಕಿದ. ಕಾರು ಹಿಂದಕ್ಕೆ ಹಾರಿತು.

"ಯೋವ್, ಮುನ್ನಾಲೆ ಪೋಯ್ಯಾ!" ಎಂದು ಬಾವುಟದವನು ಮುಂದೆ ಕೈ ತೋರಿಸಿ ಬಡಕೊಂಡ. ಎರಡನೆಯ ಗೇರು, ಇನ್ನೂ ಜೋರಾಗಿ ಹಿಂದಕ್ಕೆ. ತಲೆಕೆಳಗಾದ ಡಿಫರೆನ್ಷಿಯಲ್ ಚಕ್ರಗಳನ್ನು ಉಲ್ಟಾ ತಿರುಗಿಸುತ್ತಿತ್ತು. ಮುಂದೆ ಹೋಗಲು ಉಳಿದದ್ದು ರಿವರ್ಸ್ ಗೇರೊಂದೇ. ಶಾಫ್ಟು ಮಾತ್ರ ಮುರಿಯಲಿಲ್ಲ.

ಮುಕ್ತಾಯ ಅ: ಹಿಮ್ಮುಖವಾಗಿಯೇ ಓಡಿಸಿ ಕಪ್ ಗೆದ್ದ. "ಸುಳ್ಳು ಸಾರ್, ಮಾನ ಹೋಗತ್ತೆ," ಎಂದ.

ಮುಕ್ತಾಯ ಆ: ಕಾರು ಗುಜರಿಗೆ ಹೋಯಿತು. ಇದಕ್ಕೆ ಅವನು ವಾದಿಸಲಿಲ್ಲ. ಸ್ಟೀರಿಂಗಿಗೆ ಹಣೆ ಒತ್ತಿ ಅತ್ತುಬಿಟ್ಟ. ಆ ಸಾಲನ್ನು ನಾನೇ ಹೊಡೆದುಹಾಕಿದೆ.

ಮೂರನೆಯದನ್ನು ಯೋಚಿಸುವಷ್ಟರಲ್ಲಿ ಜನರನ್ನು ಸರಿಸಿಕೊಂಡು ಗೋದಾಬಾಯಿ ಬಂದರು. "ಓಡ್ತಲ್ಲೋ!"

"ಹಿಂದಕ್ಕಮ್ಮಾ..."

"ಎತ್ಲಾಗೆ ಅಂತ ನಾನೇನಾದ್ರೂ ಹೇಳಿದ್ನಾ?" ಎನ್ನುತ್ತ ಕಾರು ಹತ್ತಿ, ಹಿಂದಕ್ಕೆ ಮುಖ ಮಾಡಿ ಕೂತರು. "ನಡಿ ಮನೆಗೆ. ದಾರಿ ನಾನು ನೋಡ್ತೀನಿ."

ಮನೆ ಮುಟ್ಟಿದರೇ ಎಂದು ಕೇಳಬೇಡಿ. ಪೂರ್ಣವಿರಾಮ ಹಾಕಲು ಪೆನ್ನೆತ್ತಿದ್ದೆ, ಅಷ್ಟರಲ್ಲಿ "ಪಕ್ಕಕ್ಕೆ ಸರೀರಿ ಸಾರ್, ಬ್ರೇಕ್ ಇನ್ನೂ ಟೆಸ್ಟ್ ಮಾಡಿಲ್ಲ!" ಎಂದು ಕಮಲಾಕರ ಕೂಗಿದ. ಕಾಗದ ಎತ್ತಿಕೊಂಡು ಓಡುತ್ತಿದ್ದೇನೆ, ನೀವೂ ಸ್ವಲ್ಪ ಸರಿದು