ನಲ್ಲಿಯಿಲ್ಲದ ಹಂಡೆ

ಕೋಣೆ ಚಿಕ್ಕದು, ಎರಡು ಮಂಚ ಹಾಕಿದರೆ ಓಡಾಡಲು ಜಾಗ ಉಳಿಯದಷ್ಟು. ಹೊಳಲಿನ ಹೊರಗೆ, ನಿವೃತ್ತ ಶಿಕ್ಷಕ ವೀರಭದ್ರಯ್ಯನವರ ಹೊಲಕ್ಕೂ ನಿವೃತ್ತ ಲೈನ್‌ಮನ್ ರಾಮಣ್ಣನ ಹೊಲಕ್ಕೂ ನಡುವಿನ ಬದುವಿನ ಮೇಲೆ ಇಬ್ಬರೂ ಸೇರಿ ಅದನ್ನು ಕಟ್ಟಿಸಿದ್ದರು. ಗೋಡೆಯ ಕಲ್ಲು ರಾಮಣ್ಣನದು, ಮೇಲಿನ ತಗಡು ವೀರಭದ್ರಯ್ಯನವರದು. ಹಗಲೆಲ್ಲ ಹತ್ತಿಗೆ ನೀರು ಬಿಡುತ್ತ, ಒಂದೇ ಪೇಪರನ್ನು ಹಂಚಿಕೊಂಡು ಓದುತ್ತ, ಒಬ್ಬರ ಕಾಲನ್ನೊಬ್ಬರು ಎಳೆಯುತ್ತ ಅಲ್ಲಿ ಸುಖವಾಗಿದ್ದರು. ಬುತ್ತಿ ಮಾತ್ರ ಬೇರೆ ಬೇರೆ. ವೀರಭದ್ರಯ್ಯನವರು ಜಂಗಮರು, ಊರಿಗೆಲ್ಲ ಅಯ್ನೋರು; ರಾಮಣ್ಣ ಊರಾಚೆಯ ಕೇರಿಯವನು. ಅವನ ಬುತ್ತಿಗೆ ಇವರು ಕೈ ಹಾಕಿದವರಲ್ಲ, ಅವನೂ ಕರೆದವನಲ್ಲ.

ಈಗ ಕೋಣೆಯ ಹಿಂದೆ ಬಚ್ಚಲೊಂದು ಎದ್ದಿತ್ತು. ನೀರನ್ನು ಯಾವುದರಲ್ಲಿ ಕಾಯಿಸುವುದು ಎಂಬುದೊಂದು ತೀರ್ಮಾನವಾಗಬೇಕಿತ್ತು.

"ಕರೆಂಟಿನ ಕಾಯಿಲ್ ತರಾನೇನು?" ಎಂದರು ವೀರಭದ್ರಯ್ಯ.

"ಮೂವತ್ತು ವರ್ಷ ಕಂಬ ಹತ್ತೀನಿ ನಾನು. ನಮ್ಮ ಕರೆಂಟ್ ನಂಬಿದ್ರ ಮೈಗೆ ಸೋಪು ಹಚ್ಕೊಂಡು ಕುಂದ್ರಬೇಕಾಗ್ತೈತಿ, ಅಯ್ನೋರೆ."

"ಸೋಲಾರ್?"

"ಈ ತಗಡು ಗಾಳಿನೇ ತಡಿಯಂಗಿಲ್ಲ, ಅದನ್ನ ಹೊರ್ತೈತೇನ್ರಿ? ಒಂದು ಹಂಡೆ ತಂದು ಒಲಿ ಹೂಡಾನ. ಹತ್ತಿ ಕಟಿಗಿ ಬೇಕಾದಷ್ಟೈತಿ. ತಂಬಿಗಿ ತುಂಬ ಮೊಗದು ಮೊಣಕಾಲ ಮ್ಯಾಲೆ ಸುರುವ್ಕೊಂಡ್ರ ಸಾಕು ನನಗ."

ಎರಡು ಸಾವಿರದ ನಾಲ್ಕನೇ ಇಸವಿಯ ಚಳಿಗಾಲ ಅದು. ಕಂಬದಿಂದ ಬಿದ್ದಾಗಿನಿಂದ ರಾಮಣ್ಣನ ಬಲ ಮೊಣಕಾಲು ಚಳಿಗೆ ಹಿಡಿದುಕೊಳ್ಳುತ್ತಿತ್ತು.

"ಹಂಡೆ ಹಳೇ ಕಾಲದ್ದಾತು. ನಲ್ಲಿ ಇರೋ ಬಾಯ್ಲರ್ ತರಾನ," ಎಂದರು ವೀರಭದ್ರಯ್ಯ. ಯಾಕೆಂದು ಕೇಳಿದ್ದಕ್ಕೆ ಅನುಕೂಲ ಎಂದರು. ರಾಮಣ್ಣ ಆಯಿತು ಎಂದ. ಹಟ ಮಾಡುವ ಸ್ವಭಾವ ಅವನದಲ್ಲ.

ಮರುದಿನ ಇಬ್ಬರೂ ಹಡಗಲಿಯ ಪಾತ್ರೆ ಅಂಗಡಿಗೆ ಹೋದರು. ಅಂಗಡಿಯ ಗುರುಸಂಗಪ್ಪ ಬಾಯ್ತುಂಬ ನಕ್ಕು ಎದ್ದು ನಿಂತ.

"ಬರ್ರಿ ಅಯ್ನೋರೆ. ಹೋದ ವಾರ ನೀವು ನೋಡಿ ಹೋದ ಬಾಯ್ಲರ್ ಎತ್ತಿಟ್ಟೀನಿ. ನೀವು ಹೇಳಿದ್ದು ಖರೆ ಐತಿ. ಹಂಡೆ ಆದ್ರ ಯಾರ್ಯಾರದೋ ತಂಬಿಗಿ ಅದ್ದತಾರ. ನಲ್ಲಿ ಇದ್ರ ನೀರು ಮುಟ್ಟೋ ಮಾತೇ ಇಲ್ಲ. ಯಾರು ಜಳಕ ಮಾಡಿದ್ರೂ ನಿಮ್ಮ ಮಡಿ ನಿಮಗ."

ಜೊತೆಗೆ ಬಂದವನು ಯಾರೆಂದು ಪಾಪ, ಅವನಿಗೇನು ಗೊತ್ತು. ವೀರಭದ್ರಯ್ಯನವರ ಮುಖ ಸಪ್ಪಗಾಯಿತು. ರಾಮಣ್ಣ ಬಾಯ್ಲರಿನ ಹಿತ್ತಾಳೆ ನಲ್ಲಿಯನ್ನು ಒಮ್ಮೆ ತಿರುಗಿಸಿ ನೋಡಿದ.

"ನಲ್ಲಿ ಚಲೋ ಐತಿ. ತಗೊಂಡು ಬರ್ರಿ, ನಾನು ಬಸ್‌ಸ್ಟ್ಯಾಂಡಿನಾಗ ಇರ್ತೀನಿ," ಎಂದು ಹೊರಟುಬಿಟ್ಟ.

ವೀರಭದ್ರಯ್ಯ ಬರಿಗೈಯಲ್ಲೇ ಅವನ ಹಿಂದೆ ಬಂದರು. ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕುಳಿತು, "ತಪ್ಪು ತಿಳೀಬ್ಯಾಡೋ. ನನಗೇನಿಲ್ಲ. ಮನ್ಯಾಗ ನಮ್ಮಾಕಿ ಅನ್ನದಾನಮ್ಮಂದು ಮಡಿ ಭಾಳ. ಮತ್ತ ಪೂಜಿ ಐತಿ, ಕೊಳ್ಳಾಗ ಲಿಂಗ ಐತಿ. ಹಿಂದಿನಿಂದ ಬಂದದ್ದು, ಒಮ್ಮಿಗೇ ಬಿಡಾಕ ಬರಂಗಿಲ್ಲ," ಎಂದರು.

"ಅಮ್ಮಾರು ಹೊಲಕ್ಕ ಬಂದು ಜಳಕ ಮಾಡ್ತಾರೇನ್ರಿ?" ರಾಮಣ್ಣನ ದನಿ ಏರಲಿಲ್ಲ. "ಬುತ್ತಿ ಬ್ಯಾರೆ ಇಟ್ರಿ, ಇರ್ಲಿ ಅಂದೆ. ನಾಕು ಮಂದಿ ನೋಡ್ತಾರ, ನಿಮ್ಮ ಕಷ್ಟ ನಿಮಗ. ಆದ್ರ ಆ ಗ್ವಾಡಿಗೆ ಕಲ್ಲು ಹೊತ್ತಾವ ನಾನು. ಅಲ್ಲೂ ನನ್ನ ತಂಬಿಗಿಗೆ ಹೆದರಿ ನಲ್ಲಿ ಹಾಕ್ಸೋದಾದ್ರ ಆ ನೀರು ನನಗ ಬ್ಯಾಡ. ನೀವು ಮಾಡ್ರಿ. ನಾನು ಪಂಪಿನ ತಣ್ಣೀರಾಗ ಮಾಡ್ತೀನಿ."

ಬಸ್ಸಿನಲ್ಲಿ ಜಾಗವಿದ್ದರೂ ಇಬ್ಬರೂ ಬೇರೆ ಬೇರೆ ಸೀಟಿನಲ್ಲಿ ಕುಳಿತರು.

ಮನೆಯಲ್ಲಿ ವಿಷಯ ಕೇಳಿದ ಅನ್ನದಾನಮ್ಮ ಮೊರದಲ್ಲಿದ್ದ ಜೋಳವನ್ನು ಪಕ್ಕಕ್ಕಿಟ್ಟರು.

"ನನ್ನ ಹೆಸರು ಯಾಕ ಹೇಳಿದ್ರಿ? ನಾನು ಯಾವಾಗ ಬ್ಯಾಡ ಅಂದೀನಿ? ರಾಮಣ್ಣನ ಹೆಂಡ್ತಿ ಪಕ್ಕೀರಮ್ಮನ ಮನ್ಯಾಗ ಕುಂತು ಎಷ್ಟು ಸಲ ಚಾ ಕುಡದು ಬಂದೀನಿ, ಗೊತ್ತೇನು? ನೀವೇ ಮೈಲಿಗಿ ಅಂತೀರಂತ ಹೇಳಿಲ್ಲ ಅಷ್ಟ."

ವೀರಭದ್ರಯ್ಯನವರು ಬಾಯಿ ಬಿಟ್ಟುಕೊಂಡು ನೋಡಿದರು. ಮನೆಯಲ್ಲಿ ಇದ್ದ ಮಡಿಯೆಲ್ಲ ತಮ್ಮೊಬ್ಬರದೇ ಎಂದು ತಿಳಿಯಲು ಅವರಿಗೆ ಇಷ್ಟು ವರ್ಷ ಬೇಕಾಯಿತು. ಎಲ್ಲರೂ ಒಂದೇ ಎಂದು ಮಕ್ಕಳಿಗೆ ಪಾಠ ಹೇಳಿದವರು ಹೆಂಡತಿಯ ಸೆರಗಿನ ಹಿಂದೆ ಅಡಗಿದ್ದರು. ಅವರಿಗೆ ನಿಜವಾಗಿಯೂ ನಾಚಿಕೆಯಾಯಿತು. ಎದ್ದು ಹೋಗಿ ಅಟ್ಟಕ್ಕೆ ಏಣಿ ಹಚ್ಚಿದರು.

ಬೆಳಗ್ಗೆ ರಾಮಣ್ಣ ಟವೆಲು, ತಂಬಿಗೆ ಹಿಡಿದು ಪಂಪಿನ ಕಡೆ ಹೊರಟಿದ್ದ. ಕೋಣೆಯ ಹಿಂದಿನಿಂದ ಹೊಗೆ ಏಳುತ್ತಿರುವುದು ಕಂಡು ಇತ್ತ ಬಂದ. ಬಚ್ಚಲಿನಲ್ಲಿ ಮೂರು ಕಲ್ಲಿನ ಒಲೆ, ಒಲೆಯ ಮೇಲೆ ಅಯ್ನೋರ ತಾಯಿಯ ಕಾಲದ ತಾಮ್ರದ ಹಂಡೆ. ಅಯ್ನೋರು ಕಣ್ಣೀರು ಒರೆಸಿಕೊಳ್ಳುತ್ತ ಒಲೆ ಊದುತ್ತಿದ್ದರು.

"ನೀರು ಕಾದಾವ. ನಿನ್ನ ಮೊಣಕಾಲಿಗೆ ಮೊದಲು ಹಾಕ್ಕೋ," ಎಂದರು. "ತಂಬಿಗಿ ಮರ್ತು ಬಂದೀನಿ ನಾನು. ನಿಂದಾದ ಮ್ಯಾಲೆ ನನಗ ಕೊಡು."

"ಮರ್ತು ಬಂದೀರೋ, ಬಿಟ್ಟು ಬಂದೀರೋ?"

"ಲೇ, ನೀರು ಆರ್ತಾವ. ಹೋಗು."

ರಾಮಣ್ಣ ಹಂಡೆಯ ಮುಂದೆ ಒಂದು ಗಳಿಗೆ ನಿಂತ. ಆಮೇಲೆ ತಂಬಿಗೆಯನ್ನು ಕಂಠದವರೆಗೆ ಅದ್ದಿ ಮೊಗೆದ. ಸಾಕೆನಿಸುವಷ್ಟು ನೀರು ಹಾಕಿಕೊಂಡು, ತಲೆ ಒರೆಸಿಕೊಳ್ಳುತ್ತ ಹೊರಗೆ ಬಂದು ತಂಬಿಗೆಯನ್ನು ಅಯ್ನೋರ ಕೈಗೆ ಕೊಟ್ಟ. ಅವರು ಒಳಗೆ ಹೋಗಿ ಅದೇ ಹಂಡೆಯಿಂದ ಅದೇ ತಂಬಿಗೆ ತುಂಬಿ ನೆತ್ತಿಯ ಮೇಲೆ ಸುರಿದುಕೊಂಡರು. ನೀರು ಹದವಾಗಿ ಕಾದಿತ್ತು.

"ರಾಮಣ್ಣ," ಒಳಗಿನಿಂದ ಕೂಗಿದರು, "ಬೆನ್ನಿಗೆ ಕೈ ಎಟಕವಲ್ದು. ತಿಕ್ಕು ಬಾರೋ."

ರಾಮಣ್ಣನ ಕೈಯಲ್ಲಿದ್ದ ಟವೆಲು ಅಲ್ಲೇ ನಿಂತಿತು.

"ನನ್ನ ಕೈ ಒರಟು ನೋಡ್ರಿ ಅಯ್ನೋರೆ. ಕಂಬ ಹತ್ತಿದ ಕೈ."

"ಇರ್ಲಿ ಬಾ. ಜೋರಾಗೇ ತಿಕ್ಕು, ಭಾಳ ವರ್ಷದ ಕೊಳಿ ಐತಿ."