ತಿಕ್ಕಿ ತೊಳೆದ ಇಂಜಿನ್ನು

ಬನಹಟ್ಟಿಯಲ್ಲಿ ಮೂವತ್ತು ವರ್ಷ ಪವರ್‌ಲೂಮ್ ಫಿಟ್ಟರ್ ಆಗಿದ್ದವನು ನಾನು. ಬೇರೆಯವರ ಕೈಕೆಲಸ ನನಗೆ ಸುಲಭಕ್ಕೆ ಒಪ್ಪಿಗೆಯಾಗುವುದಿಲ್ಲ. ಎಪ್ಪತ್ತೆರಡನೇ ಇಸವಿಯಲ್ಲಿ ಕೊಲ್ಲಾಪುರದ ಗುಜರಿಯಲ್ಲಿ ಆಟಿಕೆ ವಿಮಾನದ ಡೀಸೆಲ್ ಇಂಜಿನ್ನೊಂದು ಸಿಕ್ಕಿತು. ಮುಷ್ಟಿಯಲ್ಲಿ ಹಿಡಿಸುವಷ್ಟು ಚಿಕ್ಕದು, ವಿಲಾಯತಿ ಮಾಲು. ಆದರೆ ಹಳೆಯ ಮಾಲೀಕ ಅದರ ಅವತಾರವನ್ನೇ ಕೆಡಿಸಿಟ್ಟಿದ್ದ. ಪಂಖದ ಮುಂದೆ ಮಗ್ಗದ ಬಾಬಿನ್ ಕೊಯ್ದು ಮಾಡಿದ ಗಾಲಿ, ಅದಕ್ಕೆ ಸುತ್ತಿದ ದಾರ. ನೆತ್ತಿಯ ಸ್ಕ್ರೂಗೆ ಗೇಣುದ್ದದ ಕಟ್ಟಿಗೆ. ಎಣ್ಣೆ ಬಿಡುವ ಸೂಜಿಗೆ ಯಾವುದೋ ಡಬ್ಬಿಯ ಮುಚ್ಚಳ. ಅಡಿಯ ಹಲಗೆಗೆ ಚರ್ಮದ ಕುಣಿಕೆ ಬೇರೆ. ಅದು ಯಾತಕ್ಕೆಂದು ಎಷ್ಟು ತಲೆ ಕೆರೆದುಕೊಂಡರೂ ಹೊಳೆಯಲಿಲ್ಲ. ಇಂಥವರ ಕೈಗೆ ಸ್ಕ್ರೂಡ್ರೈವರ್ ಕೊಡಲೇಬಾರದೆಂದು ಹೆಂಡತಿ ಸತ್ಯವ್ವನ ಮುಂದೆ ಬೈದು, ಅದನ್ನು ಗೋಡೆಯ ಮಾಡದಲ್ಲಿ ಇಟ್ಟೆ.

ಎರಡು ತಿಂಗಳಿಗೆ ಸಾವಳಗಿಯಿಂದ ಕಾಗದ ಬಂತು. ಬರೆದವನು ಅಂದಾನೆಪ್ಪ, ನನ್ನ ವಿಳಾಸ ಗುಜರಿಯವನೇ ಕೊಟ್ಟಿದ್ದನಂತೆ. ಇಂಜಿನ್ನು ತನ್ನದು, ತಾನು ಮಿರಜದ ದವಾಖಾನೆಯಲ್ಲಿದ್ದಾಗ ತಮ್ಮ ಮಾರಿಬಿಟ್ಟ. ತಿರುಗಿ ಕೇಳುವುದಿಲ್ಲ, ತನ್ನ ಕೈಯಾರೆ ಒಂದೇ ಒಂದು ಸಲ ಚಾಲೂ ಮಾಡಲು ಬಿಡಬೇಕು, ಮಹಾನವಮಿ ಮುಗಿದ ರವಿವಾರ ಬರುತ್ತೇನೆ ಎಂದು ಬರೆದಿದ್ದ.

ಓದಿ ಮನಸ್ಸು ಕರಗಿತು. ಮಹಾನವಮಿಯ ದಿನ ಮಶೀನಿಗೆ ಮಾಡುವ ಖಂಡೆ ಪೂಜೆಗೆ ಮುಂಚೆ ನಮ್ಮ ಶೆಡ್ಡಿನಲ್ಲಿ ಒಂದು ರೂಢಿ: ವರ್ಷವಿಡೀ ಮಗ್ಗಕ್ಕೆ ಕಟ್ಟಿದ ಚಿಂದಿ, ಹಗ್ಗ, ತುಂಡು ಕಟ್ಟಿಗೆ ಎಲ್ಲ ಕಿತ್ತು, ಸರಿಯಾದ ಸಾಮಾನು ಕೂಡಿಸಿ ಪೂಜೆ ಮಾಡುತ್ತೇವೆ. ತೇಪೆ ಹಾಕಿದ ಮಶೀನಿಗೆ ಕುಂಕುಮ ಹಚ್ಚುವುದಿಲ್ಲ. ಇಂಜಿನ್ನಿಗೂ ಹಾಗೇ ಮಾಡಿದೆ. ಹೊಸ ಸ್ಕ್ರೂ, ಹೊಸ ಸೂಜಿ ಕಡೆದು ಕೂಡಿಸಿ, ಹೊಳೆಯುವಂತೆ ತಿಕ್ಕಿ ತೊಳೆದೆ. ಕಿತ್ತ ಗಾಲಿ, ಕಟ್ಟಿಗೆ, ಚರ್ಮ ಎಲ್ಲ ನೀರೊಲೆಗೆ ಹಾಕಿದೆ. ಬೆರಳಿನಿಂದ ಎರಡು ಸಲ ಪಂಖ ಹೊಡೆದದ್ದೇ ತಡ, ಚಾಲೂ ಆಯಿತು. ಅಂದಾನೆಪ್ಪ ನೋಡಿದರೆ ಹಿಗ್ಗುತ್ತಾನೆಂದು ನಾನೇ ಹಿಗ್ಗಿದೆ.

ರವಿವಾರ ಬಂದ. ಚಹಾದ ಕಪ್ಪನ್ನು ಎರಡೂ ಅಂಗೈಗಳ ನಡುವೆ ಹಿಡಿದಾಗ ನೋಡಿದೆ. ಬಲಗೈಯಲ್ಲಿ ಹೆಬ್ಬೆಟ್ಟು ಮಾತ್ರ. ಎಡಗೈಯಲ್ಲಿ ಸೊಟ್ಟಗಾದ ಎರಡು ಬೆರಳು. ಎಷ್ಟೋ ವರ್ಷದ ಹಿಂದೆ ಕೈ ಕಬ್ಬಿನ ಗಾಣಕ್ಕೆ ಸಿಕ್ಕಿದ್ದವಂತೆ. ಇಂಜಿನ್ನು ಹಿಡಿಯಲು ಕುಣಿಕೆ ಮುಂಗೈಗೆ, ಸ್ಕ್ರೂ ತಿರುವಲು ಕಟ್ಟಿಗೆ ಹೆಬ್ಬೆಟ್ಟಿಗೆ, ಪಂಖ ತಿರುಗಿಸಲು ದಾರ ಹಲ್ಲಿಗೆ. ಎಲ್ಲ ಒಮ್ಮೆಲೇ ತಿಳಿಯಿತು.

ಇಂಜಿನ್ನು ಮುಂದಿಟ್ಟೆ. ಅವನು ಸುತ್ತ ತಿರುಗಿಸಿ ನೋಡಿದ.

"ಇಲ್ಲೊಂದು ದಾರ ಇತ್ತಲ್ರಿ?"

ಒಲೆಗೆ ಹಾಕಿದೆನೆಂದು ಹೇಳಿದೆ. ಅವನು ಇಂಜಿನ್ನನ್ನು ಬಲಗೈಯಿಂದ ನೆಲಕ್ಕೆ ಒತ್ತಿ ಹಿಡಿದ. ಸೊಟ್ಟ ಬೆರಳಿನಿಂದ ಪಂಖ ಹೊಡೆದ. ಅದು ಅರ್ಧ ಸುತ್ತು ಹೋಗಿ ತಿರುಗಿ ಬೆರಳಿಗೇ ಬಡಿಯಿತು. ಏಳೆಂಟು ಸಲ ಹೊಡೆದ. ಗೆಣ್ಣಿನ ಚರ್ಮ ಕಿತ್ತು ರಕ್ತ ಬಂದಾಗ ಸತ್ಯವ್ವ ಎದ್ದು ಒಳಗೆ ಹೋದಳು.

ಎಂಟು ದಿನದಲ್ಲಿ ಎಲ್ಲ ಮೊದಲಿನಂತೆ ಮಾಡಿಕೊಡುತ್ತೇನೆಂದೆ. ತನ್ನ ಕೈಗೆ ಅದು ಹೊಂದಲು ಎರಡು ವರ್ಷ ಹಿಡಿದಿತ್ತೆಂದ. "ನಾನಽ ಚಾಲೂ ಮಾಡಿ ತೋರಸ್ಲೇನ್ರಿ?" ಎಂದು ಕೇಳಿಬಿಟ್ಟೆ.

"ಬ್ಯಾಡ್ರಿ. ನೋಡಾಕ ಬಂದಿಲ್ಲ ನಾ."

ರಕ್ತ ಹತ್ತಿದ್ದ ಇಂಜಿನ್ನನ್ನು ಧೋತರದ ಚುಂಗಿನಿಂದ ಒರೆಸಿ, ಎರಡೂ ಅಂಗೈಯಲ್ಲಿ ಹಿಡಿದು ನನಗೆ ಕೊಟ್ಟ.

"ಛಲೋ ತಿಕ್ಕೀರಿ," ಎಂದ. ಆಮೇಲೆ ಸಾವಳಗಿ ಬಸ್ಸು ಎಷ್ಟು ಗಂಟೆಗೆಂದು ಕೇಳಿದ.